ಹೊನ್ನಾಳಿಯ ಹರಿಗೋಲು

ನೌಕಾಯಾನವೆಂದೊಡನೆ ನಮ್ಮ ಮನಸ್ಸು ಮಂಗಳೂರು, ಮಲ್ಪೆ, ಕಾರವಾರಗಳತ್ತ ಓಡುತ್ತದೆ. ಘಟ್ಟದ ಮೇಲಿನ ಬಯಲುನಾಡಿಗೂ ದೋಣಿಗೂ ಏನು ಸಂಬಂಧವೆಂದು ಕೇಳುವವರೇ ಹೆಚ್ಚು. ಆದರೆ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ ಹೊನ್ನಾಳಿಯ ಮಗ್ಗುಲಲ್ಲಿ ಹರಿಯುವೆಡೆ, ಚನ್ನಗಿರಿ ಸೀಮೆಯ ಸೂಳೆಕೆರೆ ಕಡಲಿನಂತೆ ಹರಡಿರುವೆಡೆ, ನೀರನ್ನೇ ನಂಬಿ ಬಾಳಿದ ಜನ ತಲೆತಲಾಂತರದಿಂದ ಇದ್ದಾರೆ. ಬೆಸ್ತರು, ಅಂಬಿಗರು, ಗಂಗಾಮತಸ್ಥರು ಎಂದು ಅವರಿಗೆ ಹೆಸರು. ಅವರ ಹಡಗೇ ಹರಿಗೋಲು.

ಬಿದಿರಿನ ಸೀಳುಗಳಿಂದ ತಳ ಹೆಣೆದು, ಅಂಚನ್ನು ಮೇಲಕ್ಕೆ ಬಾಗಿಸಿ ಕಟ್ಟಿದ ದೊಡ್ಡ ಬುಟ್ಟಿ ಅದು. ಹಿಂದೆ ಹೊರಮೈಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಅದರ ಸ್ಥಾನಕ್ಕೆ ಬಂದಿವೆ. ಚರ್ಮ ಕೊಳೆಯದಂತೆ ಕೆಲಸ ಮುಗಿದೊಡನೆ ದಡದಲ್ಲಿ ಬೋರಲು ಹಾಕಿ ಒಣಗಿಸಬೇಕಾಗಿತ್ತು. ಈ ನೌಕೆಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಹುಟ್ಟು ಹಾಕುವ ಕೈ ತಪ್ಪಿದರೆ ಬುಗುರಿಯಂತೆ ತಿರುಗುತ್ತದೆ. ಆದರೆ ಬಂಡೆಗಳಿಂದ ತುಂಬಿದ ನಮ್ಮ ಹೊಳೆಗಳಿಗೆ ಇದಕ್ಕಿಂತ ಒಪ್ಪುವ ವಾಹನ ಬೇರೊಂದಿಲ್ಲ. ಮರದ ದೋಣಿ ಒಡೆಯುವಲ್ಲಿ ಹರಿಗೋಲು ಬಳುಕಿ ಜಾರಿಕೊಳ್ಳುತ್ತದೆ. ಹೊಳೆ ತುಂಬಿದಾಗ ಅಂಬಿಗನು ಎದುರು ದಡಕ್ಕೆ ನೇರವಾಗಿ ಹೊರಡುವುದಿಲ್ಲ. ದಡದ ಅಂಚಿನಲ್ಲಿಯೇ ಸ್ವಲ್ಪ ದೂರ ಮೇಲಕ್ಕೆ ಸಾಗಿ, ಅಲ್ಲಿಂದ ಸೆಳವಿನೊಡನೆ ಓರೆಯಾಗಿ ಇಳಿದು ಗುರಿಯನ್ನು ಮುಟ್ಟುತ್ತಾನೆ. ನೀರಿನೊಡನೆ ಹೋರಾಡದೆ ಅದರ ಬಲವನ್ನೇ ದುಡಿಸಿಕೊಳ್ಳುವ ವಿದ್ಯೆ ಇದು.

ಈ ವಿದ್ಯೆ ಬಹಳ ಹಳೆಯದು. ಯೂಫ್ರೆಟಿಸ್ ನದಿಯಲ್ಲಿ ಬ್ಯಾಬಿಲೋನಿಗೆ ಸರಕು ತರುತ್ತಿದ್ದ ದುಂಡನೆಯ ಚರ್ಮದ ದೋಣಿಗಳನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ವರ್ಣಿಸಿದ್ದಾನೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಸ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಹದಿನೈದು ಇಪ್ಪತ್ತು ಜನರನ್ನು ಹೊತ್ತು ಗಿರಗಿರನೆ ತಿರುಗುತ್ತ ಸಾಗುವ ಹರಿಗೋಲುಗಳನ್ನು ಕಂಡು ಬರೆದಿಟ್ಟನು. ಅದಕ್ಕೂ ಮೊದಲು, ಹನ್ನೆರಡನೆಯ ಶತಮಾನದಲ್ಲಿಯೇ, ಅಂಬಿಗರ ಚೌಡಯ್ಯನು ಹುಟ್ಟು ಹಿಡಿದ ಕೈಯವನಾಗಿಯೇ ಶರಣರ ನಡುವೆ ನಿಂತನು. ಹೊನ್ನಾಳಿಯಿಂದ ಕೆಳಗೆ ಇದೇ ಹೊಳೆಯ ದಂಡೆಯಲ್ಲಿರುವ ಚೌಡದಾನಪುರ ಆತನ ಹೆಸರಿನ ಊರೆಂದು ಪ್ರತೀತಿ.

ಹರಿಗೋಲು ಯುದ್ಧವನ್ನೂ ಕಂಡಿದೆ. ಚನ್ನಗಿರಿಯಲ್ಲಿ ಹುಟ್ಟಿದ ಧೊಂಡಿಯ ವಾಘನು 1799ರಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದು ದಂಡು ಕಟ್ಟಿದನು. ಅವನ ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿ 1800ರ ಜೂನ್‌ನಲ್ಲಿ ತುಂಗಭದ್ರೆಯನ್ನು ದಾಟಿದನು. ಸೆಪ್ಟೆಂಬರ್ 10ರಂದು ಧೊಂಡಿಯನು ಹತನಾದನು. ವೆಲ್ಲೆಸ್ಲಿಯ ಪತ್ರಗಳಲ್ಲಿ ಬುಟ್ಟಿ ದೋಣಿಗಳ ಚಿಂತೆ ಮತ್ತೆ ಮತ್ತೆ ಬರುತ್ತದೆ. ಕೋಟೆಗಳನ್ನು ಕೆಡವಬಲ್ಲ ಫಿರಂಗಿ ಮಳೆಗಾಲದ ಹೊಳೆಯನ್ನು ಗೆಲ್ಲಲಾರದಷ್ಟೆ! ಸೇನಾಪತಿಯ ಹೆಸರು ಚರಿತ್ರೆಯಲ್ಲಿ ಉಳಿಯಿತು. ಹುಟ್ಟು ಹಾಕಿದವರ ಹೆಸರು ಉಳಿಯಲಿಲ್ಲ.

ಸೂಳೆಕೆರೆಯ ಕಥೆಯೂ ಹೀಗೆಯೇ. ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಏರಿ ಹಾಕಿಸಿದವಳು ಶಾಂತವ್ವನೆಂದು ಜನ ಇಂದಿಗೂ ಹೇಳುತ್ತಾರೆ. ಶಾಂತಿಸಾಗರವೆಂಬ ಹೆಸರೂ ಅದಕ್ಕುಂಟು. ಆ ವಿಶಾಲ ಜಲರಾಶಿಯಲ್ಲಿ ಬಲೆ ಬೀಸಿದವರು ಯಾವ ಐತಿಹ್ಯದಲ್ಲಿಯೂ ಇಲ್ಲ.

ಹೊನ್ನಾಳಿ ಹೊಳೆಯ ಎಡದಂಡೆಯ ಊರು. ಮಲೆನಾಡಿನ ಸರಕಿಗೂ ಬಯಲಿನ ಸರಕಿಗೂ ಸಂತೆಯಾಗಿದ್ದ ನ್ಯಾಮತಿ ಅದೇ ಮಗ್ಗುಲಲ್ಲಿದೆ. ಸೇತುವೆ ಇಲ್ಲದ ಕಾಲದಲ್ಲಿ ಮಳೆಗಾಲ ಬಂತೆಂದರೆ ಮೂಡಣ ಸೀಮೆಗೆ ಹೋಗುವವನ ಜೀವ ಅಂಬಿಗನ ತೋಳಿನಲ್ಲಿತ್ತು. ಇಂದು ಬಸ್ಸಿನಲ್ಲಿ ಕುಳಿತು ಕ್ಷಣದಲ್ಲಿ ಹೊಳೆ ದಾಟುವ ನಮಗೆ ಆ ಋಣದ ನೆನಪಿಲ್ಲ. ಸೇತುವೆ ಬೇಡವೆಂದು ಯಾರೂ ಹೇಳರು. ಆದರೆ ಹೊಳೆಯ ಮುಖ ನೋಡಿಯೇ ಸುಳಿ ಎಲ್ಲಿ, ಬಂಡೆ ಎಲ್ಲಿ ಎಂದು ತಿಳಿಯುವ ಕಣ್ಣು ಪುಸ್ತಕದಲ್ಲಿ ಸಿಗುವುದಿಲ್ಲ. ಅದು ತಂದೆಯಿಂದ ಮಗನಿಗೆ ಬರಬೇಕು.

ಹೊಳೆಯಿಲ್ಲದ ಜಗಳೂರಿನ ಕೆರೆಗಳಿಗೂ ಈಗ ತುಂಗಭದ್ರೆಯ ನೀರನ್ನು ಏರಿಸುವ ಯೋಜನೆ ಬಂದಿದೆ. ನೀರನ್ನು ಯಂತ್ರ ಒಯ್ಯಬಲ್ಲುದು. ನೀರನ್ನು ಬಲ್ಲವರ ವಿದ್ಯೆಯನ್ನು ಒಯ್ಯುವವರಾರು?