ಬಿಸಿಯಿಂದ ಬರೆಯುವ ಕಾಗದ: ಒಂದು ರಸೀದಿಯ ಹಿಂದಿನ ಇತಿಹಾಸ



ರೋಣದಿಂದ ಗಜೇಂದ್ರಗಡಕ್ಕೋ ನರಗುಂದಕ್ಕೋ ನೀವು ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರರು ಕೈಯಲ್ಲಿರುವ ಚಿಕ್ಕ ಯಂತ್ರದ ಗುಂಡಿ ಒತ್ತಿ ಒಂದು ಬಿಳಿ ಚೀಟಿ ಹರಿದುಕೊಡುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ನಮ್ಮ ತಾಯಂದಿರಿಗೆ, ವಿದ್ಯಾರ್ಥಿನಿಯರಿಗೆ ಸಿಗುವ ಶೂನ್ಯ ದರದ ಟಿಕೆಟ್ ಕೂಡ ಇಂಥದೇ ಚೀಟಿ. ಆ ಯಂತ್ರದಲ್ಲಿ ಶಾಯಿ ಇಲ್ಲ, ರಿಬ್ಬನ್ ಇಲ್ಲ. ಹಾಗಾದರೆ ಅಕ್ಷರ ಎಲ್ಲಿಂದ ಬಂತು ಎಂದು ಎಂದಾದರೂ ಯೋಚಿಸಿದ್ದೀರಾ?

ನಾನೂ ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದ್ದು ಒಂದು ನಷ್ಟ. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಕೈಮಗ್ಗದ ನೇಕಾರರು. ಮಗನ ಶುಲ್ಕ ಕಟ್ಟಿ ಪಡೆದ ರಸೀದಿಯನ್ನು ವಿದ್ಯಾರ್ಥಿವೇತನದ ಅರ್ಜಿಗೆ ಜೋಡಿಸಬೇಕಿತ್ತು. "ಹಾಳಾಗದಂತೆ ಲ್ಯಾಮಿನೇಷನ್ ಮಾಡಿಸಿ ಇಡಪ್ಪ" ಎಂದು ಹುಡುಗನಿಗೆ ಹೇಳಿದ್ದು ನಾನೇ. ಅಂಗಡಿಯ ಯಂತ್ರದಿಂದ ಹೊರಬಂದಾಗ ರಸೀದಿ ಪೂರ್ತಿ ಕಪ್ಪಾಗಿತ್ತು. ಒಂದಕ್ಷರವೂ ಉಳಿದಿರಲಿಲ್ಲ. ನಕಲು ಪ್ರತಿಗಾಗಿ ಆ ತಂದೆ ಎರಡು ಸಲ ಮಗ್ಗ ನಿಲ್ಲಿಸಿ ಓಡಾಡಿದರು. ಪ್ರತಿ ಕೈಗೆ ಬರುವಷ್ಟರಲ್ಲಿ ಕೊನೆಯ ದಿನ ಮುಗಿದಿತ್ತು. ಒಳ್ಳೆಯದಕ್ಕೆಂದು ಕೊಟ್ಟ ಸಲಹೆಯೇ ಹುಡುಗನಿಗೆ ಮುಳುವಾಯಿತು. ಅಂದಿನಿಂದ ಈ ಕಾಗದದ ಪೂರ್ವಾಪರ ತಿಳಿಯುವ ಹಟ ಹಿಡಿಯಿತು. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಾಗದಕ್ಕೆ ಲೇಪನ ಕೊಡುವುದು ಹೊಸ ವಿದ್ಯೆಯಲ್ಲ. 'ಕಾಗದ', 'ಶಾಯಿ', 'ರಸೀದಿ', 'ದಫ್ತರು' ಎಂಬ ಮಾತುಗಳು ಫಾರಸಿ, ಅರಬಿ ಮೂಲದಿಂದ ಕನ್ನಡಕ್ಕೆ ಬಂದವು. ವಸ್ತು ಬಂದ ದಾರಿಯನ್ನೂ ಅವು ಹೇಳುತ್ತವೆ. ಚೀನಾದಲ್ಲಿ ಹುಟ್ಟಿದ ಕಾಗದದ ಕಸುಬು ಎಂಟನೆಯ ಶತಮಾನದಲ್ಲಿ ಸಮರಖಂದಕ್ಕೂ ಅಲ್ಲಿಂದ ಬಾಗ್ದಾದಿಗೂ ತಲುಪಿತು. ನಮ್ಮ ದಖ್ಖನ್ನಿನಲ್ಲಿ ದೌಲತಾಬಾದಿನ ಬಳಿಯ ಕಾಗಜಿಪುರ ಕೈಕಾಗದಕ್ಕೆ ಹೆಸರಾಯಿತು. ಹಸಿ ಕಾಗದದ ಮೇಲೆ ಶಾಯಿ ಹರಡಿಕೊಳ್ಳುತ್ತದೆ. ಅದಕ್ಕಾಗಿ ಕಾಗಜಿಗಳು ಅಕ್ಕಿ ಅಥವಾ ಗೋಧಿಯ ಗಂಜಿ ಬಳಿದು, ಒಣಗಿಸಿ, ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು. ಈ ಲೇಪನಕ್ಕೆ 'ಆಹಾರ್' ಎಂದು ಹೆಸರು. ಗಜೇಂದ್ರಗಡದ ನೇಕಾರರು ಹಾಸಿನ ನೂಲಿಗೆ ಗಂಜಿ ಹಾಕುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಜಾಪುರದ ಆದಿಲಶಾಹಿ ಕಾಲದ ಹಸ್ತಪ್ರತಿಗಳು ಇಂಥ ಕಾಗದದ ಮೇಲೆ ಮಸಿಯಿಂದ ಬರೆದವು. ಅಲ್ಲಿನ ಆಸಾರ್ ಮಹಲಿನಲ್ಲಿದ್ದ ಗ್ರಂಥಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿಗೆ ಹೋದವು. ನಾಲ್ಕು ಶತಮಾನ ಕಳೆದ ಪ್ರತಿಗಳನ್ನೂ ಇಂದು ಓದಬಹುದು.

ಅಲ್ಲಿ ಲೇಪನದ ಕೆಲಸ ಶಾಯಿಯನ್ನು ಹಿಡಿದಿಡುವುದು. ಇಪ್ಪತ್ತನೆಯ ಶತಮಾನದಲ್ಲಿ ಲೇಪನವೇ ಶಾಯಿಯಾಯಿತು. ಅಮೆರಿಕದ ತ್ರೀ ಎಂ ಕಂಪನಿ 1950ರಲ್ಲಿ 'ಥರ್ಮೋಫ್ಯಾಕ್ಸ್' ಎಂಬ ಬಿಸಿಯಿಂದ ನಕಲು ತೆಗೆಯುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಎನ್.ಸಿ.ಆರ್. ಕಂಪನಿಯ ಬ್ಯಾರೆಟ್ ಗ್ರೀನ್ ಮತ್ತು ಲೋವೆಲ್ ಶ್ಲೈಕರ್ 1950ರ ದಶಕದ ಆರಂಭದಲ್ಲಿ ಕಾರ್ಬನ್ ಇಲ್ಲದೆ ನಕಲು ಮೂಡಿಸುವ ಕಾಗದ ಕಂಡುಹಿಡಿದರು. ಬಣ್ಣವಿಲ್ಲದ ರಾಸಾಯನಿಕವೊಂದು ಆಮ್ಲ ಗುಣದ ಇನ್ನೊಂದನ್ನು ಮುಟ್ಟಿದೊಡನೆ ಬಣ್ಣ ತಳೆಯುತ್ತದೆ ಎಂಬುದೇ ಅದರ ಗುಟ್ಟು. ಅಲ್ಲಿ ಎರಡನ್ನೂ ಕೂಡಿಸಿದ್ದು ಪೆನ್ನಿನ ಒತ್ತಡ. ಮುಂದಿನ ದಶಕದಲ್ಲಿ ಅದೇ ಕಂಪನಿ ಒತ್ತಡದ ಬದಲು ಬಿಸಿಯನ್ನು ಬಳಸಿತು. ಬರೆಯುವ ಬಿಸಿ ತಲೆಯನ್ನು ರೂಪಿಸಿದವರಲ್ಲಿ ಪ್ರಮುಖರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಜ್ಯಾಕ್ ಕಿಲ್ಬಿ. ಕಂಪ್ಯೂಟರ್ ಚಿಪ್ಪಿನ ಆವಿಷ್ಕಾರಕ್ಕಾಗಿ 2000ದಲ್ಲಿ ನೊಬೆಲ್ ಪಡೆದವರು ಇವರೇ. 1967ರಲ್ಲಿ ಅವರ ತಂಡ ತಯಾರಿಸಿದ ಅಂಗೈ ಅಗಲದ ಲೆಕ್ಕಯಂತ್ರ ಉತ್ತರವನ್ನು ಇಂಥ ಕಾಗದದ ಪಟ್ಟಿಯ ಮೇಲೆಯೇ ಮೂಡಿಸುತ್ತಿತ್ತು. 1980ರ ದಶಕದಲ್ಲಿ ಫ್ಯಾಕ್ಸ್ ಯಂತ್ರಗಳು ಈ ಕಾಗದವನ್ನು ಜಗತ್ತಿಗೆಲ್ಲ ಹರಡಿದವು.

ಈಗ ಇದರ ತಯಾರಿಕೆ ನೋಡೋಣ. ಮೊದಲು ಸಾದಾ ಕಾಗದಕ್ಕೆ ಜೇಡಿಮಣ್ಣಿನಂಥ ಪುಡಿಯ ಒಂದು ಪದರ ಬಳಿಯುತ್ತಾರೆ. ಇದು ಮೇಲ್ಮೈಯನ್ನು ಸಮ ಮಾಡಿ, ಬಿಸಿ ಕೆಳಗೆ ಇಳಿಯದಂತೆ ತಡೆಯುತ್ತದೆ. ಅದರ ಮೇಲೆ ಮುಖ್ಯ ಪದರ. ಬಣ್ಣವಿಲ್ಲದ 'ಲ್ಯೂಕೋ' ಬಣ್ಣವನ್ನೂ ಅದನ್ನು ಅರಳಿಸುವ ಆಮ್ಲ ಗುಣದ ವಸ್ತುವನ್ನೂ ನೀರಿನಲ್ಲಿ ಬೇರೆ ಬೇರೆಯಾಗಿ ಅರೆಯುತ್ತಾರೆ. ಕಣಗಳು ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಸಣ್ಣಗಾದ ಮೇಲೆ ಅಂಟಿನೊಂದಿಗೆ ಬೆರೆಸಿ ಬಳಿಯುತ್ತಾರೆ. ಬೇಗ ಕರಗಲು ಮೇಣದಂಥ ವಸ್ತುವನ್ನೂ ಸೇರಿಸುತ್ತಾರೆ. ಒಣಗಿಸುವಾಗ ಬಿಸಿ ಸ್ವಲ್ಪ ಹೆಚ್ಚಾದರೂ ಇಡೀ ಸುರುಳಿ ಕಪ್ಪಾಗಿಬಿಡುತ್ತದೆ. ಅಕ್ಕಪಕ್ಕದಲ್ಲಿದ್ದರೂ ಕೂಡದ ಈ ಎರಡು ವಸ್ತುಗಳು ಯಂತ್ರದ ತಲೆ ಮುಟ್ಟಿದ ಕಡೆ ಮಾತ್ರ ಕರಗಿ ಕೂಡುತ್ತವೆ. ಸಾಮಾನ್ಯ ಯಂತ್ರದ ತಲೆಯಲ್ಲಿ ಪ್ರತಿ ಮಿಲಿಮೀಟರಿಗೆ 8 ಬಿಸಿ ಚುಕ್ಕೆಗಳಿರುತ್ತವೆ. ಆ ಚುಕ್ಕೆಗಳೇ ಸೇರಿ ಅಕ್ಷರ. ಕಾಗದದ ಬದಲು ಪ್ಲಾಸ್ಟಿಕ್ ಫಿಲ್ಮಿಗೆ ಇಂಥ ಲೇಪನ ಕೊಟ್ಟರೆ ನೀರಿಗೆ ಹಾಳಾಗದ, ಸುಲಭವಾಗಿ ಹರಿಯದ ಲೇಬಲ್ ಆಗುತ್ತದೆ.

ನೀವೇ ಪರೀಕ್ಷಿಸಿ. ಬಸ್ ಟಿಕೆಟನ್ನು ಉಗುರಿನಿಂದ ಜೋರಾಗಿ ಗೀರಿದರೆ ಕಪ್ಪು ಗೆರೆ ಮೂಡುತ್ತದೆ. ತಿಕ್ಕಾಟದ ಬಿಸಿಯೇ ಅದಕ್ಕೆ ಸಾಕು. ಲ್ಯಾಮಿನೇಷನ್ ಯಂತ್ರದ ಬಿಸಿ ಉರುಳೆಗಳ ನಡುವೆ ಆ ಹುಡುಗನ ರಸೀದಿಗೆ ಏನಾಯಿತೆಂಬುದು ಈಗ ನಿಮಗೆ ಅರ್ಥವಾಗಿರಬೇಕು.

ಕಪ್ಪಾಗುವುದು ಒಂದು ಅಪಾಯವಾದರೆ ಮಾಸುವುದು ಇನ್ನೊಂದು. ಬಿಸಿಲು, ಎಣ್ಣೆಕೈ, ಸ್ಯಾನಿಟೈಸರ್, ಮೆತ್ತನೆಯ ಪ್ಲಾಸ್ಟಿಕ್ ಚೀಲ, ಇವೆಲ್ಲ ಕೂಡಿದ ವಸ್ತುಗಳನ್ನು ಮತ್ತೆ ಬೇರ್ಪಡಿಸುತ್ತವೆ. ಆಗ ಅಕ್ಷರ ಅಳಿಸಿಹೋಗುತ್ತದೆ. ಆರೋಗ್ಯದ ಪ್ರಶ್ನೆಯೂ ಇದೆ. ಬಣ್ಣ ಅರಳಿಸಲು ಬಹುಕಾಲ ಬಳಸಿದ 'ಬಿಸ್ಫಿನಾಲ್ ಎ' ದೇಹದ ಹಾರ್ಮೋನುಗಳಿಗೆ ತೊಡಕು ಮಾಡುತ್ತದೆಂದು ಯುರೋಪಿನ ಒಕ್ಕೂಟ ಇಂಥ ಕಾಗದದಲ್ಲಿ ಅದರ ಪ್ರಮಾಣವನ್ನು 2020ರ ಜನವರಿಯಿಂದ ನೂರಕ್ಕೆ 0.02ಕ್ಕಿಂತ ಕಡಿಮೆಗೆ ಇಳಿಸಿದೆ. ಆದ್ದರಿಂದ ಟಿಕೆಟನ್ನು ಬಾಯಲ್ಲಿ ಕಚ್ಚಿ ಹಿಡಿಯಬೇಡಿ, ತಿಂಡಿ ಕಟ್ಟಲು ಬಳಸಬೇಡಿ.

ನಮ್ಮ ಜಿಲ್ಲೆಗೆ ಲೆಕ್ಕಪತ್ರದ ದೊಡ್ಡ ಪರಂಪರೆಯಿದೆ. ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರಿ ಸಂಘ ಕಟ್ಟಿದರು. ಆಗ ರೈತನ ಸಾಲ, ಜಮೆ ಎಲ್ಲವೂ ಮಸಿಯಲ್ಲಿ ಪುಸ್ತಕಕ್ಕೆ ಏರುತ್ತಿದ್ದ ಕಾಲ. ಇಂದು ಎಟಿಎಂ ಚೀಟಿ, ತೂಕದ ಚೀಟಿ, ಅಂಗಡಿಯ ಬಿಲ್ಲು ಬಹುಪಾಲು ಈ ಬಿಸಿ ಕಾಗದದ ಮೇಲೆ ಬರುತ್ತವೆ. ಕಂಪ್ಯೂಟರಿನಲ್ಲಿ ದಾಖಲೆ ಇರುತ್ತದೆ, ನಿಜ. ಆದರೆ ತಕರಾರು ಬಂದ ದಿನ ಬಡವನ ಕೈಯಲ್ಲಿರುವ ಸಾಕ್ಷಿ ಆ ಚೀಟಿಯೊಂದೇ.

ಆದುದರಿಂದ ವಿದ್ಯಾರ್ಥಿಗಳೇ, ಮೂರು ಮಾತು ನೆನಪಿಡಿ. ಮುಖ್ಯವಾದ ರಸೀದಿ ಸಿಕ್ಕ ದಿನವೇ ಅದರ ಝೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಮೂಲವನ್ನು ಕಾಗದದ ಲಕೋಟೆಯಲ್ಲಿ, ಬಿಸಿಲು ತಾಗದ ಕಡೆ ಇಡಿ. ಲ್ಯಾಮಿನೇಷನ್ ಮಾತ್ರ ಬೇಡ. ರಸೀದಿಯ ಸಂಖ್ಯೆ, ದಿನಾಂಕ, ಮೊತ್ತಗಳನ್ನು ಪೆನ್ನಿನಿಂದ ಒಂದು ವಹಿಯಲ್ಲಿ ಬರೆದುಕೊಳ್ಳಿ. ಮನೆಯಲ್ಲಿ ಓದುಬರಹ ಬಾರದ ಹಿರಿಯರಿದ್ದರೆ ಅವರ ಚೀಟಿಗಳಿಗೂ ಇದನ್ನೇ ಮಾಡಿ. ನೀವು ಕಲಿತ ಅಕ್ಷರದ ಮೇಲೆ ಅವರಿಗೂ ಹಕ್ಕಿದೆ.

ಆ ಹುಡುಗ ಮರುವರ್ಷ ಮತ್ತೆ ಅರ್ಜಿ ಹಾಕಿದ. ರಸೀದಿಯ ಝೆರಾಕ್ಸ್ ಮಾಡಿಸಲು ಈ ಸಲ ನಾನೇ ಅವನ ಜೊತೆ ಅಂಗಡಿಗೆ ಹೋಗಿದ್ದೆ.