ಗಾಲಿಮನೆಯ ನೀರಿನ ಕೊಳವೆ ಬದಲಾವಣೆ

ಕ್ಯಾರವಾನ್, ಪ್ರವಾಸಿ ಟ್ರೇಲರ್, ವ್ಯಾನಿಟಿ ವ್ಯಾನ್ ಮುಂತಾದ ಗಾಲಿಮನೆಗಳಲ್ಲಿ ಹಳೆಯ ಪೈಪು ಕಿತ್ತು ಬಾಗುವ ಪ್ಲಾಸ್ಟಿಕ್ ಕೊಳವೆ ಎಳೆಯುವ ಕೆಲಸ. ಈಗ ಹೆಚ್ಚಾಗಿ ಬಳಸುವುದು ಪೆಕ್ಸ್, ಅಂದರೆ ಅಣುಸರಪಳಿಗಳನ್ನು ಅಡ್ಡಡ್ಡ ಹೆಣೆದು ಗಟ್ಟಿಗೊಳಿಸಿದ ಪಾಲಿಥೀನ್. ಅದರ ಮುಖ್ಯ ತಯಾರಿಕಾ ವಿಧಾನಗಳಲ್ಲೊಂದನ್ನು 1960ರ ದಶಕದಲ್ಲಿ ಜರ್ಮನಿಯ ಥಾಮಸ್ ಎಂಗೆಲ್ ರೂಪಿಸಿದರು.

ಅಮೆರಿಕದ ಹಳೆಯ ಟ್ರೇಲರ್‌ಗಳಲ್ಲಿ ತಾಮ್ರದ ಪೈಪಿತ್ತು. ಚಳಿಗಾಲದಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಪೈಪು ಸೀಳುತ್ತಿತ್ತು. 1970ರ ದಶಕದ ಕೊನೆಯಿಂದ ಬಂದ ಬೂದುಬಣ್ಣದ ಪಾಲಿಬ್ಯುಟಿಲೀನ್ ಕೊಳವೆ ನಲ್ಲಿನೀರಿನ ಕ್ಲೋರಿನ್ನಿಗೆ ಸೋತು 1990ರ ದಶಕದ ನಡುವೆ ಮರೆಯಾಯಿತು. ಮುಂಬಯಿಯಲ್ಲಿ ಹಿಮದ ಭಯವಿಲ್ಲ. ಇಲ್ಲಿನ ವೈರಿ ಗುಂಡಿಬಿದ್ದ ರಸ್ತೆಯ ಕುಲುಕಾಟ. ಬೆಸುಗೆ ಹಾಕಿದ, ತಿರುಪು ಹಾಕಿದ ಜಾಯಿಂಟುಗಳೇ ಮೊದಲು ಸಡಿಲವಾಗುತ್ತವೆ. ಉದ್ದಕ್ಕೂ ಒಂದೇ ಎಳೆಯಾಗಿ ಬಾಗಿ ಸಾಗುವ ಪೆಕ್ಸ್‌ನ ನಿಜವಾದ ಲಾಭ ಇದೇ: ಗೋಡೆಯೊಳಗೆ ಜಾಯಿಂಟೇ ಬೇಡ.

ಮುಂಬಯಿಯ ಹಿಂದಿ ಚಿತ್ರರಂಗಕ್ಕೆ ವ್ಯಾನಿಟಿ ವ್ಯಾನ್ ಪರಿಚಯಿಸಿದವರೆಂದು ನಟಿ ಪೂನಂ ಧಿಲ್ಲೋನ್ ಹೆಸರಾದವರು. 2021ರಲ್ಲಿ ಮಹಾರಾಷ್ಟ್ರ ಸರ್ಕಾರ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನೂ ತಂದಿತು. ಇಂಥ ವಾಹನಗಳ ದುರಸ್ತಿಗೆ ಬೇಕಾದ ಸಾಮಗ್ರಿ ಹುಡುಕುವವರಿಗೆ ಮುಂಬಯಿಯ ಕುರ್ಲಾ ಸಹಜ ವಿಳಾಸ. ಪ್ರೀಮಿಯರ್ ಆಟೊಮೊಬೈಲ್ಸ್‌ನ ಫಿಯೆಟ್, ಪದ್ಮಿನಿ ಕಾರುಗಳು ತಯಾರಾದ ಊರು ಇದು. ಹಳೆಯ ವಾಹನಗಳ ಬಿಡಿಭಾಗ ಮತ್ತು ಭಂಗಾರ್ ವ್ಯಾಪಾರಕ್ಕೆ, ನಮ್ಮ ಮಾತಿನ ಗುಜರಿಗೆ, ಇಂದಿಗೂ ಹೆಸರುವಾಸಿ. ಕಿತ್ತ ತಾಮ್ರವನ್ನು ಎಸೆಯಬಾರದು, ಗುಜರಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆಯಿದೆ.

ಕೆಲಸದಲ್ಲಿ ಅಳತೆಯೇ ಮುಖ್ಯ. ಅಮೆರಿಕದ ಅರ್ಧ ಇಂಚಿನ ಪೆಕ್ಸ್‌ನ ಹೊರವ್ಯಾಸ ಸುಮಾರು 15.9 ಮಿ.ಮೀ.; ಮೆಟ್ರಿಕ್ ಕೊಳವೆಯದು 16 ಮಿ.ಮೀ. ಕಣ್ಣಿಗೆ ಎರಡೂ ಒಂದೇ, ಆದರೆ ಒಂದರ ಫಿಟಿಂಗ್ ಇನ್ನೊಂದಕ್ಕೆ ಹಾಕಿದರೆ ಸೋರಿಕೆಯನ್ನು ತಾವೇ ಕರೆದಂತೆ. ಕೊಳವೆ ಮತ್ತು ಫಿಟಿಂಗನ್ನು ಒಂದೇ ಅಳತೆಪದ್ಧತಿಯಲ್ಲಿ ಕೊಳ್ಳಬೇಕು. ತಗಡಿನ ತೂತಿನಲ್ಲಿ ಹಾಯುವಲ್ಲೆಲ್ಲ ರಬ್ಬರ್ ಬುಷ್ ಕೂರಿಸಬೇಕು, ಇಲ್ಲದಿದ್ದರೆ ಅಂಚು ಕೊಳವೆಯನ್ನು ದಿನಾ ಉಜ್ಜಿ ಕೊರೆಯುತ್ತದೆ. ಗೀಜರಿಗೆ ನೇರ ಜೋಡಿಸದೆ ನಡುವೆ ಸುಮಾರು 45 ಸೆಂ.ಮೀ. ಲೋಹದ ಪೈಪು ಬಿಡುವುದು ರೂಢಿ. ಬಿಸಿಲು ಪೆಕ್ಸ್‌ಗೆ ಆಗದು. ಹೊರಗೆ ಕಾಣುವ ಭಾಗಕ್ಕೆ ಹೊದಿಕೆ ಬೇಕು. ಇಲಿಯೂ ಕಡಿಯುತ್ತದೆ. ಮುಂಬಯಿಯಲ್ಲಿ ಗಾಡಿ ನಿಲ್ಲಿಸುವ ಜಾಗಗಳನ್ನು ಕಂಡವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರರು.

ಗೋಡೆಯ ಹಲಗೆ ಮುಚ್ಚುವ ಮೊದಲು ಪರೀಕ್ಷೆ. ಟ್ಯಾಂಕ್ ತುಂಬಿಸಿ, ಗೀಜರ್ ಆರಿಸಿಟ್ಟು, 12 ವೋಲ್ಟಿನ ಪಂಪು ಹಾಕಿ, ನಲ್ಲಿಗಳನ್ನೆಲ್ಲ ಮುಚ್ಚಬೇಕು. ಒತ್ತಡ ಏರಿದೊಡನೆ ಪಂಪು ತಾನಾಗಿ ನಿಲ್ಲುತ್ತದೆ. ಯಾರೂ ನಲ್ಲಿ ತಿರುಗಿಸದೆ ಅದು ಮತ್ತೆ ಗುಯ್‌ಗುಟ್ಟಿದರೆ ಎಲ್ಲೋ ಹನಿ ಬೀಳುತ್ತಿದೆ ಎಂದೇ ಅರ್ಥ. ಒಂದೊಂದೇ ಜಾಯಿಂಟನ್ನು ಒಣ ಕಾಗದದಿಂದ ಒರೆಸಿ ನೋಡಬೇಕು.