ಶ್ರೀರಾಮಪುರದ ಬೋಧಕರೂ ಕನ್ನಡ ವ್ಯಾಕರಣವೂ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಸಾಹಿತ್ಯದ ಮಾತು ತೆಗೆದರೆ ರನ್ನನ ಹೆಸರು ಬಾರದೆ ಇರುವುದಿಲ್ಲ. ಮುದುವೊಳಲಿನ ಬಳೆಗಾರ ಮನೆತನದಲ್ಲಿ ಹುಟ್ಟಿದ ಆತ 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ್ದು ಅತ್ತಿಮಬ್ಬೆಯ ಆಶ್ರಯದಲ್ಲಿ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು ಆಕೆ. ಶಾಸ್ತ್ರದಾನವನ್ನು ಧರ್ಮದ ಅಂಗವೆಂದೇ ಬಗೆದ ಪರಂಪರೆಗೆ ಅದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಎಂಟು ಶತಮಾನಗಳ ಬಳಿಕ ಅನ್ಯಮತದ, ಅನ್ಯದೇಶದ ಒಬ್ಬರು ಇದಕ್ಕೆ ಸಮೀಪವಾದ ಶ್ರದ್ಧೆಯಿಂದ ಕನ್ನಡದ ಕೆಲಸಕ್ಕೆ ತೊಡಗಿದರು. ಅವರು ಬ್ಯಾಪ್ಟಿಸ್ಟ್ ಸಭೆಯ ಬೋಧಕ ವಿಲಿಯಂ ಕೇರಿ.

ಕೇರಿಯವರು 1761ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರಿನ ಹಳ್ಳಿಯೊಂದರಲ್ಲಿ ಜನಿಸಿದರು. ತಂದೆ ನೇಕಾರರು, ಮುಂದೆ ಶಾಲೆಯ ಉಪಾಧ್ಯಾಯರು. ಮಗ್ಗದ ಸದ್ದಿನಲ್ಲೇ ಬೆಳೆದ ರಬಕವಿ-ಬನಹಟ್ಟಿಯವರಿಗೆ ಈ ವಿವರ ಆಪ್ತವೆನಿಸೀತು. ಮಗ ಕಲಿತದ್ದು ಪಾದರಕ್ಷೆ ಹೊಲಿಯುವ ಕಸುಬು. ಆ ಕೆಲಸದ ನಡುವೆಯೇ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಅಭ್ಯಸಿಸಿದರು.

ಬ್ಯಾಪ್ಟಿಸ್ಟರ ಮತದಲ್ಲಿ ಶಿಶುವಿಗೆ ದೀಕ್ಷಾಸ್ನಾನವಿಲ್ಲ. ತಿಳಿವಳಿಕೆ ಬಂದವನು ತಾನೇ ನಂಬಿ, ಆ ನಂಬಿಕೆಯನ್ನು ಸಭೆಯ ಮುಂದೆ ಒಪ್ಪಿಕೊಂಡು, ನೀರಿನಲ್ಲಿ ಮುಳುಗಿ ಏಳಬೇಕು. ಕೇರಿಯವರು ನೆನ್ ನದಿಯಲ್ಲಿ ಹಾಗೆ ಮುಳುಗಿ ಎದ್ದದ್ದು 1783ರಲ್ಲಿ. ಅರಿತು ವ್ರತವನ್ನು ಕೈಕೊಳ್ಳುವ ಶ್ರಾವಕನಿಗೆ ಇದರ ತಿರುಳು ಅಪರಿಚಿತವಲ್ಲ. ತತ್ತ್ವದಲ್ಲಿ ಅಂತರ ಬಹಳವಿದೆ ಎಂಬುದು ಬೇರೆ ಮಾತು. ತಾನೇ ತಿಳಿದು ನಂಬಬೇಕಾದರೆ ಶಾಸ್ತ್ರವು ಅವರವರ ನುಡಿಯಲ್ಲಿ ದೊರೆಯಬೇಕು. ಕೇರಿಯವರ ಭಾಷಾವ್ಯಾಸಂಗದ ಬೇರು ಇಲ್ಲಿದೆಯೆಂದು ನನ್ನ ಎಣಿಕೆ.

ಮೌಲ್ಟನ್, ಲೆಸ್ಟರ್ ಊರುಗಳಲ್ಲಿ ಬೋಧಕರಾಗಿದ್ದು 1793ರಲ್ಲಿ ಬಂಗಾಳಕ್ಕೆ ಬಂದರು. ಮಿಷನರಿಗಳೆಂದರೆ ಕಂಪನಿ ಸರ್ಕಾರಕ್ಕೆ ಆಗದು. ಮೊದಲು ನೀಲಿ ಕಾರ್ಖಾನೆಯೊಂದರಲ್ಲಿ ದುಡಿದು, 1800ರಲ್ಲಿ ಡೇನರ ಆಡಳಿತದಲ್ಲಿದ್ದ ಶ್ರೀರಾಮಪುರದಲ್ಲಿ ನೆಲೆಸಿದರು. ಆ ಶ್ರದ್ಧೆಯ ಋಣವನ್ನು ತೀರಿಸಿದವರಲ್ಲಿ ಪತ್ನಿ ಡೊರೊಥಿಯೂ ಒಬ್ಬರು. ಈ ದೇಶಕ್ಕೆ ಬರಲು ಆಕೆ ಮೊದಲು ಒಪ್ಪಿರಲಿಲ್ಲ. 1794ರಲ್ಲಿ ಪುಟ್ಟ ಮಗ ಪೀಟರ್ ತೀರಿಕೊಂಡ. ಆಕೆಯ ಚಿತ್ತಸ್ವಾಸ್ಥ್ಯ ಕೆಟ್ಟಿತು. 1807ರಲ್ಲಿ ಸಾಯುವವರೆಗೂ ಮರಳಲಿಲ್ಲ. ಪಕ್ಕದ ಕೋಣೆಯಲ್ಲಿ ಪತ್ನಿ ಹಾಗಿರಲು ಈತ ಅನುವಾದದಲ್ಲಿ ಮುಳುಗಿರುತ್ತಿದ್ದರು. ಜೀವನಚರಿತ್ರೆಕಾರರು ಇದನ್ನು ತಾಳ್ಮೆಯೆಂದು ಹೊಗಳುವುದುಂಟು. ನನಗೆ ಹೊಗಳಲು ಮನಸ್ಸು ಒಪ್ಪದು.

1812ರ ಮಾರ್ಚ್ 11ರ ಸಂಜೆ ಮುದ್ರಣಾಲಯಕ್ಕೆ ಬೆಂಕಿ ಬಿದ್ದಿತು. ಕೇರಿಯವರು ಅಂದು ಕಲ್ಕತ್ತೆಯಲ್ಲಿದ್ದರು. ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಅವರ ಕನ್ನಡ ಹೊಸ ಒಡಂಬಡಿಕೆಯ ಅನುವಾದವೂ ಇತ್ತು. ಹಸ್ತಪ್ರತಿಯೊಂದು ನಾಶವಾಗುವುದೆಂದರೇನೆಂದು ಗೆದ್ದಲು ತಿಂದ ಓಲೆಗರಿಯ ಕಟ್ಟನ್ನು ಬಿಚ್ಚಿ ನೋಡಿದವರು ಬಲ್ಲರು. ಅಚ್ಚಿನ ಮೂಲ ಪಡಿಯಚ್ಚುಗಳು ಉಳಿದಿದ್ದವು. ಕರಗಿದ ಲೋಹವನ್ನು ಬೂದಿಯಿಂದ ಹೆಕ್ಕಿ ಮತ್ತೆ ಅಕ್ಷರ ಎರೆದರು. ಕೇರಿಯವರು ಅನುವಾದವನ್ನು ಮೊದಲಿನಿಂದ ತೊಡಗಿದರು.

ಅವರ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಮುದ್ರಿತ ವ್ಯಾಕರಣವೆಂದು ಅದನ್ನು ಗುರುತಿಸುತ್ತಾರೆ. ಕೇಶಿರಾಜನ ‘ಶಬ್ದಮಣಿದರ್ಪಣ’ವಾಗಲಿ ಭಟ್ಟಾಕಳಂಕನು 1604ರಲ್ಲಿ ರಚಿಸಿದ ‘ಶಬ್ದಾನುಶಾಸನ’ವಾಗಲಿ ಆಗ ಇನ್ನೂ ಅಚ್ಚು ಕಂಡಿರಲಿಲ್ಲ. ಆ ಜೈನ ವೈಯಾಕರಣರ ಸೂತ್ರನಿಷ್ಠೆ ಕೇರಿಯವರಲ್ಲಿಲ್ಲ. ಇಂಗ್ಲಿಷ್ ಬಲ್ಲವನು ಕನ್ನಡ ಕಲಿಯಲೆಂದು ಇಂಗ್ಲಿಷಿನಲ್ಲೇ ಬರೆದ ಪುಸ್ತಕವದು. ಕನ್ನಡ ನಾಡನ್ನು ಕಾಣದೆ, ಪಂಡಿತರ ನೆರವಿನಿಂದ ದೂರದ ಬಂಗಾಳದಲ್ಲಿ ಸಿದ್ಧಪಡಿಸಿದ್ದು.

ಕನ್ನಡ ಹೊಸ ಒಡಂಬಡಿಕೆಯೂ 1820ರ ದಶಕದ ಆರಂಭದಲ್ಲಿ ಶ್ರೀರಾಮಪುರದಿಂದ ಹೊರಬಂತು. ಅಷ್ಟರಲ್ಲಿ ಬಳ್ಳಾರಿಯಲ್ಲಿ ಕನ್ನಡಿಗರ ನಡುವೆಯೇ ಬಾಳುತ್ತಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ತಮ್ಮ ಅನುವಾದವನ್ನು ಸಿದ್ಧಪಡಿಸಿದ್ದರು. ಸಭೆಗಳಲ್ಲಿ ನೆಲೆನಿಂತದ್ದು ಬಳ್ಳಾರಿಯ ಪರಂಪರೆ. ಕೇರಿಯವರು 1834ರ ಜೂನ್ 9ರಂದು ಶ್ರೀರಾಮಪುರದಲ್ಲಿ ತೀರಿಕೊಂಡರು.